ಸ್ಟಾರ್ಟ್ ಆಗದ ಪಿಕಪ್

ಆ ಹಳೆಯ ಪಿಕಪ್ಪಿನ ಎಂಜಿನ್ ಸತ್ತುಹೋಗಿದೆಯೆಂದು ಹಿತ್ತಲ ಶೆಡ್ಡಿನ ಸಾಮಾನುಗಳೆಲ್ಲ ನಂಬಿದ್ದವು. ಅದನ್ನು ಎತ್ತಿ ಎತ್ತಿ ಜಾಕಿಯ ಸೊಂಟ ಬಿದ್ದುಹೋಗಿತ್ತು.

"ಅಜ್ಜಾ, ಇವತ್ತೂ ಸ್ಟಾರ್ಟ್ ಆಗದಿದ್ದರೆ ನಿನ್ನನ್ನು ಗುಜರಿಗೆ ಹಾಕುತ್ತಾರಂತೆ. ಗುಜರಿಯವನು ಆಗಲೇ ಗೇಟಿನಲ್ಲಿ ನಿಂತಿದ್ದಾನೆ," ಎಂದಿತು ಜಾಕಿ.

"ನಿಲ್ಲಲಿ ಬಿಡಪ್ಪಾ. ನೋಯುವ ಕಾಲು ಅವನದು," ಎಂದಿತು ಪಿಕಪ್.

ಆಸ್ತಿ ಪಾಲಾದಾಗ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಎರಡು ಪಾಲು ಮಾಡಲಾಗದೆ ಉಳಿದ ಈ ಗಾಡಿಯನ್ನು ರಿಪೇರಿ ಮಾಡಲು ಪ್ರತಿ ಭಾನುವಾರ ಸೇರುತ್ತಿದ್ದರು. ಅಣ್ಣ ಈರಬಸಪ್ಪ ಕೀ ತಿರುಗಿಸಿದ. ಪಿಕಪ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ನೀನು ಪ್ಲಗ್ ಸರಿಯಾಗಿ ಉಜ್ಜಿಲ್ಲ," ಎಂದ ಅಣ್ಣ.

"ಉಜ್ಜಿದ್ದು ಕಾಣಬೇಕಾದರೆ ನಿನ್ನ ಕನ್ನಡಕ ಶುದ್ಧವಿರಬೇಕು," ಎಂದ ತಮ್ಮ ಮಹಾರುದ್ರ. ಎಂದವನು ಅದನ್ನು ಅಣ್ಣನ ಮೂಗಿನ ಮೇಲಿಂದ ತೆಗೆದು, ತನ್ನ ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿದ.

ಈರಬಸಪ್ಪ ಗೇಟಿನ ಕಡೆ ತಿರುಗಿದ. ಗುಜರಿಯವನಿಗೆ ಇವತ್ತು ಬೇಡ, ಹೋಗಿ ಬಾ ಎಂದ. ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಜಗಳ ಮುಂದುವರಿಸಿದರು.

"ಇವತ್ತು ಬದುಕಿಕೊಂಡೆ. ಮುಂದಿನ ವಾರ ಏನು ಮಾಡುತ್ತೀ?" ಎಂದಿತು ಜಾಕಿ.

"ಕೆಮ್ಮುತ್ತೇನೆ," ಎಂದಿತು ಪಿಕಪ್.

ಎಂಜಿನ್ ಕಳೆದ ಯುಗಾದಿಗೇ ಸರಿಯಾಗಿತ್ತು.