ಹನ್ನೊಂದು ಕಲ್ಲಿನ ಸಸಿ

"ಗುರುಗಳೇ, ಮೂರನೆಯ ಸಲವೂ ನನ್ನ ಪಾಠಶಾಲೆಯ ಚಪ್ಪರ ಕಿತ್ತುಹಾಕಿದರು. ಎಲ್ಲರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುವುದು ಊರ ಹಿರಿಯರಿಗೆ ಸೇರದು. ಮತ್ತೆ ಚಪ್ಪರ ಹಾಕಿದರೆ ಅದು ಛಲವೋ, ಬುದ್ಧಿಗೇಡಿತನವೋ?" ಎಂದು ಶಿಷ್ಯ ಕೇಳಿದ.

ಗುರು ಕಾಲು ನೀಡಿ ಕೂತರು. ಕತೆ ಹೇಳುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. "ಕೂರು, ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಹುಲ್ಲುಗಾವಲಿತ್ತು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಕೂಗಳತೆಗೊಂದು ಹಳೆಯ ಕಮರದ ಮರ. ಅಲ್ಲಿ ಒಬ್ಬ ದನಗಾಹಿ ಹೆಂಗಸು ನಲವತ್ತು ಹಸು ಮೇಯಿಸುತ್ತಿದ್ದಳು. ಅವಳಿಗೆ ಬೇರೆ ಮೇವಿನ ನೆಲ ಇರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಒಣಹುಲ್ಲಿಗೆ ಬೆಂಕಿ ಬೀಳುತ್ತಿತ್ತು. ಮೊದಲ ಮಳೆಗೆ ನೆಲ ಮತ್ತೆ ಹಸಿರಾಗುತ್ತಿತ್ತು.

ಸತ್ತ ನೆಲವನ್ನು ಉಳುವವರಿಗೆ ಹಂಚಬೇಕೆಂದು ಅರಸನ ಅಪ್ಪಣೆಯಾಯಿತು. ಅಧಿಕಾರಿಯೊಬ್ಬ ನೆಲ ನೋಡಲು ಬಂದ. ಕೆಟ್ಟವನೇನಲ್ಲ, ಕಂಡದ್ದನ್ನು ಕಂಡಂತೆ ಬರೆಯುವವನು. ತೊಂದರೆ ಏನೆಂದರೆ, ಕಂಡಷ್ಟನ್ನೇ ಬರೆಯುವವನು. ಹುಲ್ಲಿನ ನಡುವೆ ಅಲ್ಲಲ್ಲಿ ಕಲ್ಲಿನ ಸಣ್ಣ ಗುಡ್ಡೆಗಳು ಅವನ ಕಣ್ಣಿಗೆ ಬಿದ್ದವು.

"ಮುದಿಮರಗಳಿವೆ, ಎಳೆಮರ ಒಂದೂ ಇಲ್ಲ. ಸಾಲದ್ದಕ್ಕೆ ಎಲ್ಲೆಲ್ಲೂ ಗೋರಿ. ಇದು ಸತ್ತ ನೆಲ. ನಾಳೆ ನೇಗಿಲುಗಳು ಬರುತ್ತವೆ, ದನ ಹೊಡೆದುಕೊಂಡು ಹೋಗಮ್ಮ" ಎಂದು ಹೇಳಿ, 'ಸತ್ತ ನೆಲ' ಎಂದು ಬರೆದೇಬಿಟ್ಟ.

ಅವಳು ಕದಲಲಿಲ್ಲ. "ಗೋರಿಯಲ್ಲ ಸ್ವಾಮಿ. ಬೆಂಕಿಗೆ ಕಮರದ ಸಸಿಯ ತಲೆ ಸುಟ್ಟ ಪ್ರತಿ ವರ್ಷವೂ ಅದರ ಪಕ್ಕ ಒಂದು ಕಲ್ಲಿಡುವುದು ನಮ್ಮ ಪದ್ಧತಿ. ಬಗ್ಗಿ ನೋಡಿ. ಬಗ್ಗುವುದು ಕಷ್ಟವಾದರೆ ಕೂತು ನೋಡಿ."

ಅಧಿಕಾರಿ ಬಗ್ಗಿದ. ಹನ್ನೊಂದು ಕಲ್ಲುಗಳ ಪಕ್ಕದಲ್ಲಿ ಗೇಣುದ್ದದ ಒಂದು ಸಸಿ. ಅವನಿಗೆ ನಗು ಬಂತು. "ಹನ್ನೊಂದು ವರ್ಷಕ್ಕೆ ಬೆಳೆದದ್ದು ಇಷ್ಟೇ?"

ಅವಳು ತನ್ನ ಗುಡಿಸಲಿನಿಂದ ಹಾರೆ ತಂದು ಅಗೆಯತೊಡಗಿದಳು. ಮೊಣಕಾಲುದ್ದ ಅಗೆದಳು. ಬೇರು ಹೆಬ್ಬೆರಳಿಗಿಂತ ದಪ್ಪವಿತ್ತು. ಸೊಂಟದುದ್ದ ಅಗೆದಳು. ಬೇರು ಇನ್ನೂ ಕೆಳಗಿಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ರುಮಾಲು ತೆಗೆದಿಟ್ಟು ತಾನೇ ಗುಂಡಿಗೆ ಇಳಿದ. ಎದೆಯುದ್ದ ಹೋದರೂ ಬೇರಿನ ಕೊನೆ ಸಿಗಲಿಲ್ಲ.

"ಇದು ಮರವಾಗುವುದು ಯಾವಾಗ?" ಎಂದು ಗುಂಡಿಯಿಂದಲೇ ಕೇಳಿದ.

"ಬೇರಿಗೆ ಸಾಕೆನಿಸಿದ ವರ್ಷ. ಅಲ್ಲಿಯವರೆಗೆ ಮೇಲೆ ಸುಟ್ಟಷ್ಟು ಸಲವೂ ಬೇರಿನಿಂದ ಮತ್ತೆ ಚಿಗುರುತ್ತದೆ. ಆ ವರ್ಷ ಒಂದೇ ಉಸಿರಿಗೆ ಬೆಂಕಿಯ ತಲೆ ಮೀರಿ ಏಳುತ್ತದೆ. ಆ ಮುದಿಮರದ ಬುಡದಲ್ಲೂ ಕಲ್ಲುಗಳಿವೆ, ಎಣಿಸಿಕೊಳ್ಳಿ. ನೇಗಿಲು ತರುವುದಾದರೆ ಈ ಬೇರಿಗಿಂತ ಉದ್ದದ್ದು ತನ್ನಿ. ನಾನು ಇಲ್ಲೇ ಇರುತ್ತೇನೆ."

ಅಧಿಕಾರಿ ಮೇಲೆ ಬಂದು ಮೈಯ ಮಣ್ಣು ಕೊಡವಿಕೊಂಡ. ಬರೆದದ್ದನ್ನು ಹೊಡೆದುಹಾಕಿ 'ಬದುಕಿರುವ ನೆಲ' ಎಂದು ಬರೆದ. ನೇಗಿಲು ಬರಲಿಲ್ಲ.

ಅವಳು ಗುಂಡಿ ಮುಚ್ಚಿದಳು. ಅಗೆಯುವಾಗ ಸಸಿಯ ತಲೆ ಮುರಿದಿತ್ತು. "ಈ ವರ್ಷದ ಬೆಂಕಿ ನಾನೇ" ಎಂದು ಅದಕ್ಕೆ ಹೇಳಿ, ಹನ್ನೆರಡನೆಯ ಕಲ್ಲು ತಂದಿಟ್ಟಳು.

ಕತೆ ಮುಗಿಯಿತು. "ಹಾಗಾದರೆ ನಾನು..." ಎಂದು ಶಿಷ್ಯ ಬಾಯಿ ತೆರೆದ.

"ನಿನ್ನ ಪಕ್ಕದಲ್ಲಿ ಇನ್ನೂ ಮೂರೇ ಕಲ್ಲು" ಎಂದರು ಗುರು.