ದರ್ಜಿಯ ಸರ್ವರ್ ಮತ್ತು ಅಕ್ಕನ ಟ್ರಂಕು

"ಗುರುಗಳೇ, ನೀವು ಹೇಳಿದ್ದನ್ನು ನಾನು ಅಕ್ಷರ ತಪ್ಪದೆ ಒಪ್ಪಿಸುತ್ತೇನೆ. ಆ ಹಿರಿಯ ಶಿಷ್ಯ ಬೇರೆ ಊರಿನಲ್ಲಿದ್ದಾನೆ, ಬಂದಾಗಲೆಲ್ಲ ನಿಮ್ಮ ಮಾತಿಗೆ ಎದುರು ಮಾತಾಡುತ್ತಾನೆ. ಆದರೂ ನಿಮ್ಮ ನಂತರ ಪಾಠ ಹೇಳುವವನು ಅವನೇ ಎಂದಿರಿ. ನನ್ನಲ್ಲೇನು ಕೊರತೆ?" ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಅರಳಿತು. ಬೈಗುಳಕ್ಕೆ ಕಾದಿದ್ದ ಶಿಷ್ಯನಿಗೆ ಕತೆ ಸಿಕ್ಕಿತು.

ಒಬ್ಬ ದರ್ಜಿ ಇದ್ದ. ಅವನ ತಂದೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವನು. ತಂದೆ ತೀರಿಕೊಂಡಾಗ ಉಳಿದದ್ದು ಬೂಸ್ಟು ಹಿಡಿದ ಕ್ಯಾಸೆಟ್‌ಗಳು. ದರ್ಜಿ ಅವನ್ನು ಹೇಗೋ ಒಂದು ಸಲ ಓಡಿಸಿ, ಹಾಡುಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡ. ಟೇಪುಗಳು ಅಲ್ಲಿಗೇ ತುಂಡಾದವು.

ಆಮೇಲೆ ಅವನಿಗೆ ಹುಚ್ಚು ಹಿಡಿಯಿತು. ಒಳ್ಳೆಯ ಹುಚ್ಚು. ಹಳೆಯ ಕಂಪ್ಯೂಟರನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟು, ಅದನ್ನೇ ಟಿವಿಗೆ ಹಾಡು, ಚಿತ್ರ ಕಳಿಸುವ ಮನೆಯ ಸರ್ವರ್ ಮಾಡಿದ. ಹಾಡು, ಸಿನಿಮಾ, ಮದುವೆಯ ವಿಡಿಯೊ ಎಲ್ಲ ಅದರೊಳಗೆ ತುಂಬಿದ. ಮೊದಲ ಸಂಜೆ ಟಿವಿಯಲ್ಲಿ ತಂದೆಯ ದನಿ ಬಂದಾಗ ಮನೆಯವರೆಲ್ಲ ಎದ್ದು ನಿಂತರು. ಮುದುಕಿ ತಾಯಿ ಮಾತ್ರ ಕುಳಿತೇ ಇದ್ದಳು. ಗಂಡ ಹಾಡುವ ಮೊದಲು ಕೆಮ್ಮಿದ್ದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ದೀಪ ಹಚ್ಚಿದ ಮೇಲೆ ಒಂದು ಹಾಡು ಕೇಳದೆ ಅವಳು ಊಟಕ್ಕೆ ಏಳುತ್ತಿರಲಿಲ್ಲ.

ದರ್ಜಿಯ ಕಾಲು ನೆಲದ ಮೇಲಿರಲಿಲ್ಲ. ಕಂಪ್ಯೂಟರಿನ ಫ್ಯಾನಿಗೆ ಸಿಕ್ಕಿದ ಬಟ್ಟೆಯ ಜುಂಗನ್ನು ಬ್ರಷ್ಷಿನಿಂದ ತಾನೇ ತೆಗೆಯುತ್ತಿದ್ದ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡು ಡಿಸ್ಕ್ ಹಾಕಿದ. ಒಂದರಲ್ಲಿ ಆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಆಗುವಂತೆ ಜೋಡಿಸಿದ. ಹಬ್ಬಕ್ಕೆ ಬಂದ ಅಕ್ಕನಿಗೆ ಅದನ್ನು ಹೆಮ್ಮೆಯಿಂದ ತೋರಿಸಿದ.

ಅಕ್ಕ ಒಪ್ಪಲಿಲ್ಲ. "ಎರಡೂ ಒಂದ ಡಬ್ಬ್ಯಾಗ ಅದಾವಲ್ಲೋ ತಮ್ಮಾ. ನೀ ಹೂಂ ಅಂದ್ರ ಅವೂ ಹೂಂ ಅಂತಾವ. ಅಪ್ಪನ ಹಾಡು ನನಗೊಂದು ಬ್ಯಾರೆ ಡಿಸ್ಕಿಗೆ ಹಾಕಿ ಕೊಡು."

"ನನ್ನ ಮ್ಯಾಲ ನಂಬಿಕಿ ಇಲ್ಲೇನಕ್ಕಾ?"

"ನಿನ್ನ ಮ್ಯಾಲ ಐತಿ. ನಿನ್ನ ಅವಸರದ ಮ್ಯಾಲ ಇಲ್ಲ."

ದರ್ಜಿ ಮುಖ ಊದಿಸಿಕೊಂಡೇ ಡಿಸ್ಕ್ ತುಂಬಿ ಕೊಟ್ಟ. ಅಕ್ಕ ಅದನ್ನು ಊರಿಗೆ ಒಯ್ದು, ರೇಷ್ಮೆ ಸೀರೆಗಳ ನಡುವೆ ಟ್ರಂಕಿನಲ್ಲಿ ಇಟ್ಟಳು.

ಒಂದು ದಿನ ದರ್ಜಿಗೆ ಹೊಸ ಹುರುಪು ಬಂತು. ತಂದೆಯ ಹಾಡುಗಳಿಗೆ ಬಣ್ಣದ ಚಿತ್ರ ಹಾಕಿ ಹೊಸ ಫೋಲ್ಡರ್ ಸಿದ್ಧಪಡಿಸಿದ. ಹಾಡುಗಳನ್ನು ಅದಕ್ಕೆ ಸಾಗಿಸಿಯಾಯಿತು ಎಂದುಕೊಂಡು ಹಳೆಯ ಫೋಲ್ಡರನ್ನು ಅಳಿಸಿದ. ಸಾಗಿಸಿರಲಿಲ್ಲ. ಎರಡನೆಯ ಡಿಸ್ಕ್ ಒಂದು ಮಾತೂ ಕೇಳದೆ ತಾನೂ ಅಳಿಸಿಕೊಂಡಿತು. ಬಟ್ಟೆ ಮಡಚಿ ಕತ್ತರಿ ಹಾಕಿದರೆ ಎರಡು ಪದರವೂ ಒಟ್ಟಿಗೇ ತುಂಡಾಗುತ್ತವೆ. ಅದು ಅವನ ದಿನನಿತ್ಯದ ಕೆಲಸ, ಆದರೂ ಹೊಳೆಯಲಿಲ್ಲ. ಖಾಲಿಯಾದ ಜಾಗದಲ್ಲಿ ಖುಷಿಯಿಂದ ಹೊಸ ಸಿನಿಮಾಗಳನ್ನು ತುಂಬಿದ. ಇನ್ನು ಅಳಿಸಿದ್ದು ಮರಳಿ ಸಿಗುವಂತಿರಲಿಲ್ಲ.

ಸಂಜೆ ತಾಯಿ ದೀಪ ಹಚ್ಚಿ ಟಿವಿಯ ಮುಂದೆ ಕುಳಿತಳು. ತಂದೆಯ ಚಿತ್ರ ಬಂತು, ದನಿ ಬರಲಿಲ್ಲ. ದರ್ಜಿ ಓಡಿ ಕಂಪ್ಯೂಟರಿನ ಮುಂದೆ ಕೂತ. ಎಷ್ಟು ಹುಡುಕಿದರೂ ಹಾಡುಗಳಿರಲಿಲ್ಲ. ತಾಯಿ ಊಟಕ್ಕೆ ಏಳಲಿಲ್ಲ.

ಆಗ ಟ್ರಂಕು ನೆನಪಾಯಿತು. ಕುತ್ತಿಗೆಯ ಅಳತೆ ಟೇಪನ್ನೂ ತೆಗೆಯದೆ ಬಸ್ಸಿಗೆ ಓಡಿದ. ದಾರಿಯುದ್ದಕ್ಕೂ ಅಕ್ಕನ ಡಿಸ್ಕ್ ಹಾಳಾಗದಿರಲಿ ಎಂದು ಕಂಡ ಗುಡಿಗಳಿಗೆಲ್ಲ ಕೈ ಮುಗಿದ. ಅಕ್ಕ ಒಂದು ಮಾತೂ ಬೈಯಲಿಲ್ಲ. ಟ್ರಂಕು ತೆಗೆದು, ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮರಳುವ ಅದೇ ಬಸ್ಸಿನಲ್ಲಿ ಅವನ ಜೊತೆ ಹೊರಟಳು. ತಾಯಿ ಇನ್ನೂ ಅಲ್ಲೇ ಕುಳಿತಿದ್ದಳು. ಡಿಸ್ಕ್ ಜೋಡಿಸಿದರು. ಮೊದಲು ಕೆಮ್ಮು, ಆಮೇಲೆ ಹಾಡು. ತಾಯಿ ನಕ್ಕಳು. ಅಕ್ಕ ತಮ್ಮ ಇಬ್ಬರೂ ಅತ್ತರು. ಆ ಮನೆಯಲ್ಲಿ ಅಂದು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಹೊಳೆಯುತ್ತಿತ್ತು. "ಆ ಎರಡನೆಯ ಡಿಸ್ಕಿನದು ಏನು ತಪ್ಪು ಗುರುಗಳೇ? ದರ್ಜಿ ಮಾಡಿದ್ದನ್ನೇ ಅದು ಮಾಡಿತು" ಎಂದ.

ಗುರುಗಳು ಅವನ ಬೆನ್ನು ತಟ್ಟಿ ಹೇಳಿದರು: "ನಾಳೆ ನಾನು ತಪ್ಪು ಹೇಳಿದರೆ, ಅದನ್ನೂ ನೀನು ಅಕ್ಷರ ತಪ್ಪದೆ ಒಪ್ಪಿಸುತ್ತೀಯಲ್ಲವೇ?"