ಅಳಿವೆನಾಡಿನ ಜೊತೆಗಾರ

ಅಳಿವೆನಾಡಿನ ಜನ ಚಿಪ್ಪು ಹಾಕಿ ಒಡೆಯನನ್ನು ಆರಿಸುತ್ತಿದ್ದ ಕಾಲದಲ್ಲಿ, ಚುನಾವಣೆಗೆ ಒಂದು ತಿಂಗಳು ಉಳಿದಿದ್ದಾಗ ಇದು ನಡೆಯಿತು. ಹತ್ತು ಕೇರಿಗಳಲ್ಲೂ ಡಂಗುರ ಸಾರಿದರು: "ಒಡೆಯ ಹೊನ್ನರಸರಿಗೆ ಹೊಸ ಜೊತೆಗಾರ ಬೇಕು. ಮೂರು ಒಗಟು ಬಿಡಿಸಿದವನಿಗೆ ಜೊತೆಗಾರನ ಪೀಠ, ಇಲ್ಲವೇ ಅವನು ಕೇಳಿದ್ದು. ತಪ್ಪಿದವನ ತಲೆ ಸಂಜೆಗೆ ಹೋಗುತ್ತದೆ."

ಆ ನಾಡಿನಲ್ಲಿ ಒಡೆತನಕ್ಕೆ ಯಾರೂ ಒಬ್ಬರೇ ನಿಲ್ಲುವಂತಿರಲಿಲ್ಲ. ಪಕ್ಕದಲ್ಲಿ ಒಬ್ಬ ಜೊತೆಗಾರ ಬೇಕು. ಇಬ್ಬರಿಗೂ ಸೇರಿ ಒಂದೇ ಗಡಿಗೆ. ಜನ ಮೆಚ್ಚಿದ ಗಡಿಗೆಗೆ ತಲೆಗೊಂದು ಚಿಪ್ಪು ಹಾಕುತ್ತಿದ್ದರು.

ಸಭೆಯಲ್ಲಿ ಹೊನ್ನರಸ ಮೊದಲ ಒಗಟು ಕೇಳಿದ. "ಕಳೆದ ಸಲ ಒಂಬತ್ತು ಕೇರಿಗಳನ್ನು ಕುದುರೆಯ ಮೇಲೆ ಕೂತೇ ದಾಟಿದೆ. ಒಂದರಲ್ಲಿ ಮಾತ್ರ ಇಳಿದು ಕೈಮುಗಿದೆ. ಯಾವುದು?"

"ಎಲ್ಲಕ್ಕಿಂತ ದೊಡ್ಡ ಕೇರಿ" ಎಂದ ವರ್ತಕನ ಮಗ. ಅವನನ್ನು ಕಂಬಕ್ಕೆ ಕಟ್ಟಿದರು.

"ಹಣವಂತರ ಕೇರಿ" ಎಂದ ಪಂಡಿತನನ್ನೂ ಕಟ್ಟಿದರು.

"ಬಡವರ ಕೇರಿ, ಒಡೆಯಾ. ಅವರ ಕಷ್ಟ ಕೇಳಲಿಕ್ಕೆ" ಎಂದ ಉಪ್ಪಿನ ಕೇರಿಯ ಬೀರ.

ಸಭೆಯೆಲ್ಲ ನಕ್ಕಿತು. ಹೊನ್ನರಸ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಬೀರನಿಗೂ ಹಗ್ಗ ಬಿತ್ತು.

ಆ ನಗು ಕೇಳಿ ಬೀರನ ತಮ್ಮ ಹಮ್ಮ ಎದ್ದು ಬಂದ. ಅವನ ಕಾಲಲ್ಲಿ ಇನ್ನೂ ಉಪ್ಪು ಬೆಳೆಯುವ ಆಗರದ ಕೆಸರಿತ್ತು.

"ನಿನಗೂ ತಲೆ ಭಾರವಾಯಿತೇನೋ?" ಎಂದ ದಂಡನಾಯಕ.

"ಅಣ್ಣನ ತಲೆ ಕೇಳಲು ಬಂದಿದ್ದೇನೆ" ಎಂದ ಹಮ್ಮ. ಒಡೆಯನ ಕಡೆ ತಿರುಗಿದ. "ನೇಕಾರರ ಕೇರಿ. ನೀನು ಏನು ಮಾಡಿದರೂ ಮೀನುಗಾರರು ನಿನಗೇ ಹಾಕುತ್ತಾರೆ. ಕುಂಬಾರರು ಸತ್ತರೂ ಹಾಕುವುದಿಲ್ಲ. ಮಿಕ್ಕವರದೂ ಮೊದಲೇ ಗೊತ್ತು. ಕೊನೆಯ ದಿನದವರೆಗೆ ಮನಸ್ಸು ಮಾಡದವರು ನೇಕಾರರು ಮಾತ್ರ. ಅದಕ್ಕೇ ಇಳಿದೆ."

ಒಡೆಯನಿಗೆ ಏಕವಚನ.

"ಸರಿ" ಎಂದ ಹೊನ್ನರಸ. "ಒಬ್ಬನ ಮುಖ ನೋಡಿ ಸಾವಿರ ಚಿಪ್ಪು ಬಿದ್ದವು. ಗೆದ್ದ ಮೇಲೆ ಅವನು ಯಾರಿಗೂ ಬೇಡವಾದ. ಯಾರು?"

"ನಿನ್ನ ಜೊತೆಗಾರನಾಗಿದ್ದ ನೇಕಾರ ಲಕುಮ. ಅವನ ಕೇರಿ ಬೇಕಿತ್ತು, ಪಲ್ಲಕ್ಕಿಯಲ್ಲಿ ಮೆರೆಸಿದೆ. ಆಮೇಲೆ ಈ ಸಭೆಯಲ್ಲಿ ಅವನಿಗೆ ಕೂರಲು ಚಾಪೆಯನ್ನೂ ಹಾಸಲಿಲ್ಲ. ಈಗ ಸತ್ತಿದ್ದಾನೆ, ಇನ್ನೊಂದು ಮುಖ ಹುಡುಕುತ್ತಿದ್ದೀಯ."

ಹೊನ್ನರಸನ ದನಿ ಗಡುಸಾಯಿತು. "ತಲೆ ಎಣಿಸಿದರೆ ಸಾವಿರಾರು, ಚಿಪ್ಪು ಎಣಿಸಿದರೆ ಸೊನ್ನೆ. ಯಾವ ಕೇರಿ?"

"ನಮ್ಮದು. ಉಪ್ಪು ಗೋರುವ ತಿಂಗಳಲ್ಲೇ ಚುನಾವಣೆ ಇಡುತ್ತೀಯ. ಒಂದು ದಿನ ಆಗರ ಬಿಟ್ಟವನ ಪಾಲನ್ನು ಮರುದಿನ ನಿನ್ನ ಅಧಿಕಾರಿಗಳು ಬೇರೆಯವರಿಗೆ ಕೊಡುತ್ತಾರೆ. ನಾವು ಬರುವುದಿಲ್ಲ ಅಂತಲ್ಲ. ಬರದಂತೆ ಮಾಡಿದ್ದೀಯ. ನನ್ನಣ್ಣ ಅಷ್ಟಾದರೂ ನಿನ್ನನ್ನು ನಂಬಿದ್ದ. ಅದಕ್ಕೆ ನೀನು ನಕ್ಕೆ."

ಮೂರೂ ಸರಿ ಎಂದು ಹೊನ್ನರಸ ಒಪ್ಪಲೇಬೇಕಾಯಿತು. ಹತ್ತು ಕೇರಿಗಳ ಹಿರಿಯರೂ ಎದುರಿಗಿದ್ದರು. "ಬಾ, ಪೀಠದಲ್ಲಿ ಕೂರು" ಎಂದ.

"ಬೇಡ. ಕಂಬದಲ್ಲಿರುವ ಮೂವರನ್ನೂ ಬಿಡು. ಚುನಾವಣೆ ಮಳೆಗಾಲಕ್ಕೆ ಹೋಗಲಿ. ಆಗ ಆಗರದಲ್ಲಿ ಕೆಲಸವಿರುವುದಿಲ್ಲ."

ಮೂವರ ಹಗ್ಗ ಬಿಚ್ಚಿದರು. ಹಮ್ಮ ಅಣ್ಣನ ಕೈ ಹಿಡಿದು ಹೊರಟ. ಚುನಾವಣೆ ಆಷಾಢಕ್ಕೆ ಹೋಯಿತು.

ಹೊನ್ನರಸ ಸುಮ್ಮನಿರಲಿಲ್ಲ. ಉಪ್ಪಿನ ಕೇರಿಯಿಂದಲೇ ಗಂಡ ಹೆಂಡತಿ ಇಬ್ಬರನ್ನು ಒಲಿಸಿ, ಗಂಡನನ್ನು ಜೊತೆಗಾರನಾಗಿ ಪಲ್ಲಕ್ಕಿ ಹತ್ತಿಸಿದ. ಚುನಾವಣೆಯ ದಿನ ಕೇರಿಗೆ ಕೇರಿಯೇ ನೆನೆಯುತ್ತ ಬಂದು ಸಾಲುಗಟ್ಟಿತು. ಆ ಕೇರಿಯಿಂದ ಹೊನ್ನರಸನ ಗಡಿಗೆಗೆ ಬಿದ್ದ ಚಿಪ್ಪು ಎರಡು.